ಬಿರುಕಿನೊಳಗಿನ ಕಪ್ಪು ಬಣ್ಣ

2005ರ ಡಿಸೆಂಬರ್ 6, ಮಂಗಳವಾರ ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ, ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆಗೆ ಹೋಗುತ್ತಿದ್ದ ನಮ್ಮ ಸಂಸ್ಥೆಯ ಜೀಪು ಒಂದು ಮೋರಿಯ ಬಳಿ ರಸ್ತೆಯ ಬಲಬದಿಯ ಹಳ್ಳಕ್ಕೆ ಉರುಳಿತು. ಗಾಡಿಯಲ್ಲಿ ಇಬ್ಬರಿದ್ದರು. ಚಾಲಕ ರಾಚಪ್ಪನ ಮೊಣಕೈ ತರಚಿತ್ತು. ಪಶು ಸಹಾಯಕಿ ಶಿವಮ್ಮಣ್ಣಿಯವರ ಭುಜದ ಮೂಳೆ ಮುರಿದಿತ್ತು. ಹಿಂದೆ ದನಗಳಿಗೆ ಹಾಕುವ ಉಪ್ಪಿನ ಆರು ಮೂಟೆಗಳಿದ್ದವು.

ಸಂಸ್ಥೆಯ ಹೆಸರು ಇಲ್ಲಿ ಬೇಡ. ಊರೂರಿಗೆ ಹೋಗಿ ದನಕರುಗಳಿಗೆ ಲಸಿಕೆ, ಮದ್ದು, ಉಪ್ಪು ಕೊಡುವುದು ಅದರ ಕೆಲಸ. ಕಚೇರಿ ಮತ್ತು ದೊಡ್ಡ ಕಾರ್ಯಾಗಾರ ಚಾಮರಾಜನಗರದಲ್ಲಿತ್ತು, ಗುಂಡ್ಲುಪೇಟೆಯಲ್ಲಿ ಒಂದು ಶೆಡ್ಡು. ನಾಲ್ಕು ಜೀಪು, ಒಂದು ಟ್ರಾಕ್ಟರು. ಇವುಗಳ ಉಸ್ತುವಾರಿ ಹೊತ್ತ ಫೋರ್‌ಮನ್ ನಾನು. ಆಗ ನಾನು ಆ ಸಂಸ್ಥೆಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು.

ಮಾರನೆಯ ದಿನ ಜೀಪನ್ನು ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಮೈತುಂಬ ಕೆಸರು. ನಾನು ಚಾಮರಾಜನಗರದಿಂದ ಬಸ್ಸಿನಲ್ಲಿ ಹೋಗಿ, ಅಡಿಗೆ ಬಗ್ಗಿ ನೋಡಿ, ಅಲ್ಲೇ ನಿಂತು ವರದಿ ಬರೆದೆ. ಅದರ ಮುಖ್ಯ ಸಾಲುಗಳು ಇವು: "ಬಿದ್ದ ಏಟಿಗೆ ಹಿಂದಿನ ಎಡಗಡೆಯ ಹ್ಯಾಂಗರ್ ಮುರಿದಿದೆ. ಅಪಘಾತಕ್ಕೆ ಕಾರಣವಾಗುವಂಥ ಯಾಂತ್ರಿಕ ದೋಷ ಕಂಡುಬಂದಿಲ್ಲ."

ಹ್ಯಾಂಗರ್ ಎಂದರೆ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳ ಮುಂದಿನ ತುದಿಯನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ಹಿಡಿಕೆ. ಗಾತ್ರದಲ್ಲಿ ಅಂಗೈಯಷ್ಟು. ಅದು ಸರಿಯಿದ್ದರೆ ಹಿಂದಿನ ಅಚ್ಚು ತನ್ನ ಜಾಗದಲ್ಲಿರುತ್ತದೆ.

ವರದಿ ಬರೆಯಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಲಕ್ಕೆ ಉರುಳಿದ ಗಾಡಿಯ ಎಡ ಹಿಂಭಾಗ ಏಕೆ ಮುರಿಯಿತು ಎಂದು ಕೇಳಿಕೊಳ್ಳಲಿಲ್ಲ. ಗಾಡಿಯಲ್ಲಿದ್ದ ಇಬ್ಬರನ್ನೂ ಮಾತಾಡಿಸಲಿಲ್ಲ.

ರಾಚಪ್ಪ ಭೀಮನಬೀಡಿನವನು. ಏಳು ವರ್ಷದಿಂದ ನಮ್ಮಲ್ಲಿ ತಾತ್ಕಾಲಿಕ ಚಾಲಕ. ಜನವರಿಯಲ್ಲಿ ಸೇರುವ ಆಡಳಿತ ಸಮಿತಿ ಮೂವರು ಚಾಲಕರನ್ನು ಕಾಯಂ ಮಾಡುವುದಿತ್ತು. ಆ ಪಟ್ಟಿಯಲ್ಲಿ ಅವನ ಹೆಸರಿತ್ತು. ನನ್ನ ವರದಿ ಮೇಜಿಗೆ ಬಂದ ಎರಡನೇ ದಿನ ಕಾರ್ಯದರ್ಶಿಗಳು ಅದರ ಆಧಾರದ ಮೇಲೆ "ಅಜಾಗರೂಕ ಚಾಲನೆ" ಎಂದು ಬರೆದು ಅವನನ್ನು ಕೆಲಸದಿಂದ ನಿಲ್ಲಿಸಿದರು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಅವನು ಶೆಡ್ಡಿಗೆ ಬಂದು ನನ್ನನ್ನು ಕಂಡ. ಜಗಳಕ್ಕೆ ಬಂದವನ ಹಾಗೆ ಇರಲಿಲ್ಲ.

"ಸಾ, ನಾನ್ ಎಡಕ್ಕೆ ಎಳ್ದೆ. ಗಾಡಿ ಬಲಕ್ಕೇ ಓಯ್ತು. ಅದ್ನ ಬರೀರಿ ಅಷ್ಟೆಯ."

"ಎಡಕ್ಕೆ ಎಳೆದರೆ ಬಲಕ್ಕೆ ಹೆಂಗಪ್ಪ ಹೋಗುತ್ತೆ?"

"ಅದ್ನ ಏಳ್ಬೇಕಾದೋರು ನೀವಲ್ವಾ? ಮೋರಿ ತಾವ ಒಂದ್ ಗುಂಡಿ ಐತಲ್ಲ, ಅಲ್ಲಿ ಬ್ರೇಕ್ ಒತ್ದೆ. ದಡಕ್ ಅಂತು. ಆಮ್ಯಾಕೆ ಸ್ಟೇರಿಂಗು ನನ್ ಮಾತ್ ಕೇಳ್ನಿಲ್ಲ."

ಬಿದ್ದ ಮೇಲೆ ಎಲ್ಲ ಚಾಲಕರೂ ಹೀಗೇ ಹೇಳುತ್ತಾರೆ ಎಂಬುದು ನನ್ನ ಅನುಭವ. ಹಾಗೆಂದು ಅವನಿಗೆ ಹೇಳಿಯೂ ಬಿಟ್ಟೆ.

"ಎಲ್ರೂ ಏಳ್ತಾರೆ, ನಿಜ ಬುಡಿ," ಎಂದ. "ನಿಜ್ವಾಗ್ಲೂ ಅಂಗೇ ಆದೋನು ಇನ್ನೇನ್ ಏಳ್ಬೇಕು ಸಾ?"

ನಾನು ನನ್ನ ಕೆಲಸಕ್ಕೆ ತಿರುಗಿದೆ. ಅವನು ಹೋದ.

ಜೀಪನ್ನು ರಿಪೇರಿ ಮಾಡುವ ಆದೇಶ ಬಂದದ್ದು ಹತ್ತು ದಿನದ ಮೇಲೆ. ಕಮಾನು ಪಟ್ಟಿಯ ಕೆಲಸಕ್ಕೆ ನಮ್ಮ ಶೆಡ್ಡಿನಲ್ಲಿ ಕುಲುಮೆ ಇರಲಿಲ್ಲ. ಊಟಿ ರಸ್ತೆಯಲ್ಲಿ ವರ್ಗೀಸ್ ಎಂಬವರ ಪಟ್ಟಿ ಅಂಗಡಿಗೆ ತೆಗೆದುಕೊಂಡು ಹೋಗುವುದು ರೂಢಿ. ವಯನಾಡಿನ ಕಡೆಯಿಂದ ಬಂದು ನೆಲೆಸಿದ ಮನುಷ್ಯ. ಘಾಟಿ ಇಳಿದು ಹತ್ತುವ ಲಾರಿಗಳ ಪಟ್ಟಿ ಕಟ್ಟಿ ಕಟ್ಟಿ ಕೈ ಪಳಗಿತ್ತು. ಡಿಸೆಂಬರ್ 19ರ ಸೋಮವಾರ ಜೀಪನ್ನು ಅವರಲ್ಲಿಗೆ ಸಾಗಿಸಿದೆವು.

ಹಳೆಯ ಗಾಡಿಯ ಹಿಂಭಾಗ ಬಿಚ್ಚುವುದು ಹೇಗೆ ಎಂದು ಈಗ ಈ ಕೆಲಸಕ್ಕೆ ಬರುವವರು ಕೇಳಿದರೆ, ಮೊದಲು ಒಂದು ದಿನ ಕಾಯಿರಿ ಎನ್ನುತ್ತೇನೆ. ಹಿಂದಿನ ಸಂಜೆಯೇ ಎಲ್ಲ ನಟ್ಟುಗಳ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆ ಮತ್ತು ಗೇರ್ ಎಣ್ಣೆ ಬೆರೆಸಿ ಸುರಿಯಬೇಕು. ಬೆಳಿಗ್ಗೆ ಇನ್ನೊಮ್ಮೆ. ಅಷ್ಟಾದರೂ ಆ ಜೀಪಿನ ಎಡಗಡೆಯ ನಾಲ್ಕು ನಟ್ಟುಗಳಲ್ಲಿ ಒಂದೂ ಅಲ್ಲಾಡಲಿಲ್ಲ. ಸ್ಪ್ಯಾನರ್ ಹಾಕಿದರೆ ಮೂಲೆಗಳು ಪುಡಿಯಾಗಿ ಉದುರಿದವು. ಬಲಗಡೆಯ ನಾಲ್ಕೂ ನಟ್ಟುಗಳು ಸ್ವಲ್ಪ ನರಳಿ ಬಿಚ್ಚಿಕೊಂಡವು.

ಡೀಸೆಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಬಿಚ್ಚಿದ ಮೇಲೆ ವರ್ಗೀಸ್ ಗ್ಯಾಸ್ ಹಚ್ಚಿ ಎಡಗಡೆಯ ಬೋಲ್ಟುಗಳನ್ನು ಕತ್ತರಿಸಿದರು. ಪಟ್ಟಿ ಕಟ್ಟು ನೆಲಕ್ಕೆ ಬಿತ್ತು. ಅದನ್ನು ಕಾಲಿನಿಂದ ಹೊರಳಿಸಿ ನೋಡಿ ಕೇಳಿದರು:

"ಇದು ಮೀನ್ ಗಾಡಿಯಾ ಸಾರೇ?"

"ಮೀನೆಲ್ಲಿ ಬಂತು? ದನದ ಡಾಕ್ಟ್ರ ಗಾಡಿ."

"ಮೀನ್ ಗಾಡಿನೇ. ನಾನು ಎಷ್ಟು ನೋಡಿದ್ದೀನಿ. ಕೋಯಿಕ್ಕೋಡಿಂದ ಐಸ್ ಪೆಟ್ಟಿಗೆ ತರ್ತಾರಲ್ಲ, ಆ ಗಾಡಿಗಳು ಹಿಂಗೇ ತಿಂದುಹೋಗಿರ್ತವೆ. ಮಳೆ ತುಕ್ಕು ಹಿಂಗೆ ಚೆಕ್ಕೆ ಏಳಲ್ಲ ಸಾರೇ. ಇದು ಉಪ್ಪು."

ನಮ್ಮ ಜೀಪು ಸಮುದ್ರ ನೋಡಿಲ್ಲ ಎಂದೆ. ಹೇಳುತ್ತಿರುವಾಗಲೇ ಗಾಡಿಯ ಹಿಂದಿನ ತಳದ ಕಡೆಗೆ ನನ್ನ ಕಣ್ಣು ಹೋಯಿತು. ಬಲಬದಿಯಲ್ಲಿ ಔಷಧಿ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕೂರಿಸಲಾಗಿತ್ತು. ಹಾಗಾಗಿ ಉಪ್ಪಿನ ಮೂಟೆಗಳಿಗೆ ಇದ್ದದ್ದು ಎಡಬದಿ ಮಾತ್ರ. ಹನ್ನೊಂದು ವರ್ಷದಿಂದ ಅಲ್ಲೇ. ಮಳೆಗಾಲದಲ್ಲಿ ಮೂಟೆ ಬೆವರಿ, ನೀರು ತಳದ ರಂಧ್ರದಿಂದ ನೇರವಾಗಿ ಎಡಗಡೆಯ ಹ್ಯಾಂಗರ್ ಮೇಲೆ ತೊಟ್ಟಿಕ್ಕುತ್ತಿತ್ತು. ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಗುರುತು ಹಾಕಿಕೊಟ್ಟವನು ನಾನೇ.

ಆಮೇಲೆ ಮುರಿದ ಹ್ಯಾಂಗರ್ ಬಿಚ್ಚಿದೆವು. ಅದರ ಒಂದು ತುಂಡು ಚಾಸಿಯಲ್ಲೇ ರಿವೆಟ್ಟುಗಳಿಗೆ ಅಂಟಿಕೊಂಡಿತ್ತು. ರಿವೆಟ್ ತಲೆಗಳನ್ನು ಉಳಿಯಿಂದ ಹಾರಿಸಿ ಕೆಳಗಿಳಿಸಿದ ವರ್ಗೀಸ್, ಮುರಿದ ಅಂಚನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.

ಹೊಸದಾಗಿ ಮುರಿದ ಕಬ್ಬಿಣದ ಒಳಮೈ ಬೂದು ಬಣ್ಣದಲ್ಲಿ, ಸಕ್ಕರೆ ಹರಳಿನಂತೆ ಕಾಣುತ್ತದೆ. ಆ ತುಂಡಿನಲ್ಲಿ ಅಂಥ ಭಾಗ ಕಿರುಬೆರಳಿನ ಅಗಲದಷ್ಟು ಮಾತ್ರ ಇತ್ತು. ಉಳಿದದ್ದು ಹಳೆಯ ಕಂದು ತುಕ್ಕು. ಕಂದು ತುಕ್ಕಿನ ಮೇಲೆ, ಬಿರುಕಿನ ಒಳಗೆ ಎರಡು ಬೆರಳಿನಷ್ಟು ಆಳಕ್ಕೆ, ಕಪ್ಪು ಬಣ್ಣ ಇಳಿದು ಒಣಗಿತ್ತು.

"ಪೇಂಟು," ಎಂದರು ವರ್ಗೀಸ್. "ಮುರಿದ ಮೇಲೆ ಯಾರು ಬಳಿದ್ರು?"

ಮುರಿದ ಮೇಲೆ ಯಾರೂ ಬಳಿದಿರಲಿಲ್ಲ.

ಇಲ್ಲಿ ನಮ್ಮ ಕಾರ್ಯಾಗಾರದ ಒಂದು ಪದ್ಧತಿಯನ್ನು ಹೇಳಬೇಕು. ಆಯುಧಪೂಜೆಗೆ ಮೂರು ದಿನ ಮುಂಚೆ ಎಲ್ಲ ಗಾಡಿಗಳನ್ನೂ ತೊಳೆದು, ಅಡಿಭಾಗಕ್ಕೆ ಕಪ್ಪು ಬಣ್ಣ ಹೊಡೆಯುತ್ತಿದ್ದೆವು. ಮೇಲ್ಭಾಗಕ್ಕೆ ಹೂವು, ಬಾಳೆಕಂದು. ಅಡಿಗೆ ಕಪ್ಪು. ಚಾಲಕರ ನಡುವೆ ಇದರದ್ದೇ ಪೈಪೋಟಿ. ಕಾರ್ಯದರ್ಶಿಗಳು ಸಾಲಿನ ಉದ್ದಕ್ಕೂ ನಡೆದು, ಬಗ್ಗಿ ನೋಡಿ, ಯಾವ ಗಾಡಿಯ ಅಡಿ ಹೆಚ್ಚು ಮಿಂಚುತ್ತದೋ ಅದರ ಮುಂದೆ ಮೊದಲ ಬೂದುಗುಂಬಳಕಾಯಿ ಒಡೆಸುತ್ತಿದ್ದರು. ಆ ವರ್ಷ ಮೊದಲ ಕಾಯಿ ಒಡೆದದ್ದು ರಾಚಪ್ಪನ ಜೀಪಿಗೆ. "ನಮ್ ಗಾಡಿ ಅಡೀಲಿ ಮೊಕ ನೋಡ್ಕಂಡು ಕ್ರಾಪ್ ತೀಡ್ಕಬೋದು ಕಣ್ರಲಾ," ಎಂದು ಅವನು ಉಳಿದವರನ್ನು ಅಣಕಿಸಿದ್ದು ನನಗೆ ನೆನಪಿದೆ.

ಆರು ತಿಂಗಳಿಗೊಮ್ಮೆ ನಾನು ಗಾಡಿಗಳ ತಪಾಸಣೆ ಮಾಡುತ್ತಿದ್ದೆ. ಎರಡನೇ ತಪಾಸಣೆ ಯಾವಾಗಲೂ ಆಯುಧಪೂಜೆ ಕಳೆದ ವಾರ. ಅಡಿ ಶುಚಿಯಾಗಿರುತ್ತದೆ, ಮೈ ಕೊಳೆಯಾಗುವುದಿಲ್ಲ ಎಂಬ ಅನುಕೂಲಕ್ಕೆ ನಾನೇ ಹಾಗೆ ಇಟ್ಟುಕೊಂಡಿದ್ದೆ. 2005ರ ಅಕ್ಟೋಬರಿನಲ್ಲಿ ಆ ಜೀಪಿನ ಅಡಿಗೆ ಟಾರ್ಚ್ ಬಿಟ್ಟೆ. ಎಲ್ಲ ಕಪ್ಪಗೆ ಹೊಳೆಯುತ್ತಿತ್ತು. "ಹಿಂಭಾಗದ ಪಟ್ಟಿ, ಹ್ಯಾಂಗರ್: ಸರಿಯಿದೆ" ಎಂದು ಬರೆದು ಸಹಿ ಹಾಕಿದೆ. ಸುತ್ತಿಗೆಯಿಂದ ಒಮ್ಮೆ ತಟ್ಟಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಗಟ್ಟಿ ಕಬ್ಬಿಣ ಗಂಟೆಯಂತೆ ಖಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಣ್ಣಿನ ಮಡಕೆಯ ಹಾಗೆ ಡಬ್ ಎನ್ನುತ್ತದೆ. ತಟ್ಟಲಿಲ್ಲ. ಹೊಸ ಬಣ್ಣ ಎದ್ದುಹೋಗುತ್ತದೆ, ಚಾಲಕರು ಬೇಸರ ಮಾಡಿಕೊಳ್ಳುತ್ತಾರೆ ಎಂದು.

ಬಿರುಕಿನೊಳಗೆ ಬಣ್ಣ ಇಳಿದಿದ್ದರೆ, ಬಣ್ಣ ಬಳಿಯುವಾಗ ಬಿರುಕು ಇತ್ತು. ನನ್ನ ತಪಾಸಣೆಯ ದಿನವೂ ಇತ್ತು. ಮೋರಿಯ ಬಳಿಯ ಗುಂಡಿಯಲ್ಲಿ ಬ್ರೇಕ್ ಒತ್ತಿದಾಗ ಉಳಿದಿದ್ದ ಕಿರುಬೆರಳಗಲದ ಕಬ್ಬಿಣ ಹರಿದಿದೆ. ಎಡ ಹಿಂಚಕ್ರ ಹಿಂದಕ್ಕೆ ಜರುಗಿದೆ. ಒಂದು ಬದಿಯ ಹಿಂಚಕ್ರ ಹಾಗೆ ಹಿಂದೆ ಸರಿದರೆ ಗಾಡಿಯ ಬಾಲ ಎಡಕ್ಕೂ ಮೂತಿ ಬಲಕ್ಕೂ ತಿರುಗುತ್ತದೆ. ಸ್ಟಿಯರಿಂಗ್ ಯಾರ ಕೈಯಲ್ಲಿದ್ದರೂ ಅಷ್ಟೇ.

ಆ ತುಂಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ವರ್ಗೀಸ್ ನೋಡುತ್ತಿದ್ದರು.

"ಬಿಸಾಕೋದು ಅಲ್ವಾ ಸಾರೇ ಅದು?"

"ಅಲ್ಲ."

ಮರುದಿನ ಚಂದಕವಾಡಿಗೆ ಹೋದೆ. ಶಿವಮ್ಮಣ್ಣಿ ಅಲ್ಲಿ ತಂಗಿಯ ಮನೆಯಲ್ಲಿದ್ದರು. ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದರು. ರಾಚಪ್ಪ ತೂಕಡಿಸುತ್ತಿದ್ದನೇ ಎಂದು ಕೇಳಿದೆ.

"ತೂಕಡಿಕೆನಾ? ಗುಂಡ್ಲುಪೇಟೆ ಬುಟ್ಟಾಗಿಂದ ಅವ್ನು ಬಾಯ್ ಮುಚ್ಚಿದ್ರೆ ಕೇಳಿ ಕಣಣ್ಣ. ಅವ್ರ ಭಾವಮೈದ ಎಮ್ಮೆ ತಂದ್ನಂತೆ, ಅದು ಒದೀತದಂತೆ, ಒದ್ರೂ ಆಲು ಕೊಡ್ತದಂತೆ. ನಂಗೇ ನಿದ್ದೆ ಬರ್ತಾ ಇತ್ತು, ಅವ್ನ್ ಬುಡ್ಲಿಲ್ಲ."

"ಗಾಡಿ ಬಲಕ್ಕೆ ಹೋದಾಗ ಅವನೇನು ಮಾಡಿದ?"

ಅವರು ಸುಲಿಯುವುದನ್ನು ನಿಲ್ಲಿಸಿದರು. "ಎಡುಕ್ಕೆ ತಿರುಗ್ಸ್ತಾ ಇದ್ದ. ಎದ್ದು ನಿಂತ್ಕಂಡಂಗೆ ತಿರುಗ್ಸ್ತಾ ಇದ್ದ. ಆಗ್ನಿಲ್ಲ." ಮತ್ತೆ ಒಂದು ಕಾಯಿ ಎತ್ತಿಕೊಂಡು, "ಇದ್ನ ಇಷ್ಟ್ ದಿನ ಯಾಕಣ್ಣ ಯಾರೂ ಕೇಳ್ನಿಲ್ಲ?" ಎಂದರು.

ನಾನು ಕೇಳಬೇಕಾಗಿತ್ತು, ಕೇಳಲಿಲ್ಲ ಎಂದೆ.

ಎರಡನೇ ವರದಿಯನ್ನು ಡಿಸೆಂಬರ್ 22ರಂದು ಬರೆದೆ. ಮೂರು ಪುಟ. ಕಂಡದ್ದು, ಕೇಳಿದ್ದು ಬೇರೆ ಬೇರೆ. ಕೊನೆಯ ಪ್ಯಾರಾದಲ್ಲಿ, ಅಕ್ಟೋಬರಿನ ತಪಾಸಣೆಯಲ್ಲಿ ಈ ಬಿರುಕು ನನಗೆ ಕಾಣದೆ ಹೋಯಿತು, ಡಿಸೆಂಬರ್ 7ರ ನನ್ನ ವರದಿ ತಪ್ಪು ಎಂದು ಬರೆದೆ. ತುಂಡಿನ ಸಮೇತ ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ.

ಅವರು ಕೆಟ್ಟವರಲ್ಲ. ಲೆಕ್ಕಪತ್ರದ ಕಡೆಯಿಂದ ಬಂದವರು, ಗಾಡಿಯ ಅಡಿ ಗೊತ್ತಿಲ್ಲ, ಕಾಗದ ಗೊತ್ತು. ಎರಡು ಸಲ ಓದಿದರು.

"ಬಣ್ಣ ಬಳಿದು ಬಿರುಕು ಮುಚ್ಚಿದವನು ಅವನೇ ಅಲ್ವೇನ್ರಿ?"

"ಬಳಿದದ್ದು ಅವನು ಸಾರ್. ಮೊದಲು ಬಳಿಯೋಕೆ ಬಿಟ್ಟು ಆಮೇಲೆ ನೋಡೋಕೆ ಹೋದವನು ನಾನು."

"ಮೊದಲನೇ ವರದಿಯನ್ನು ಆಗಲೇ ಸಮಿತಿಯವರಿಗೆ ಕಳಿಸಿದ್ದೀನಿ. ಈಗ ಇದನ್ನು ಕಳಿಸಿದರೆ ನಿಮ್ಮ ಗತಿ?"

"ಕಳಿಸಿ ಸಾರ್."

"ಯೋಚನೆ ಮಾಡ್ರಿ. ಅವನು ಟೆಂಪರರಿ. ನೀವು ಫೋರ್‌ಮನ್ನು." ಇದನ್ನು ಅವರು ಬೆದರಿಕೆಯಾಗಿ ಹೇಳಲಿಲ್ಲ. ಕಚೇರಿಯ ಲೆಕ್ಕದಲ್ಲಿ ಎರಡು ಬದಿಯ ತೂಕ ಹೇಳಿದರು. ಕಾಗದ ವಾಪಸು ತೆಗೆದುಕೊಳ್ಳಲು ನಾನು ಕೈಚಾಚಲಿಲ್ಲ. ಅವರು ಮುದ್ರೆ ಒತ್ತಿ ಒಳಗಿಟ್ಟುಕೊಂಡರು.

ಜೀಪಿನ ಕೆಲಸ ಕ್ರಿಸ್ಮಸ್ ಕಳೆದ ಮೇಲೆ ಮುಂದುವರಿಯಿತು. ವರ್ಗೀಸ್ ಎಡ ಮತ್ತು ಬಲ ಎರಡೂ ಕಟ್ಟುಗಳನ್ನು ಬಿಚ್ಚಿ, ತೆಳುವಾಗಿದ್ದ ಮೂರು ಪಟ್ಟಿಗಳನ್ನು ಬಿಸಾಡಿ, ಉಳಿದವನ್ನು ಕಾಯಿಸಿ ಬಾಗು ಕೊಟ್ಟರು. ಒಂದು ಬದಿ ಮಾತ್ರ ಮಾಡಿದರೆ ಗಾಡಿ ವಾಲುತ್ತದೆ. ಮೈಸೂರಿನಿಂದ ಎರಡು ಹೊಸ ಹ್ಯಾಂಗರ್, ಬುಷ್, ಪಿನ್ನು, ಯೂ ಬೋಲ್ಟು ತರಿಸಿದೆವು. ಚಾಸಿಯಲ್ಲಿ ಹ್ಯಾಂಗರ್ ಕೂರುವ ಜಾಗವೂ ತುಕ್ಕು ಹಿಡಿದಿತ್ತು. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ದಪ್ಪ ತಗಡು ಬೆಸೆದು, ಅದರ ಮೇಲೆ ಕೂರಿಸಿದೆವು. ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ.

ಅಚ್ಚು ನೇರವಾಗಿದೆಯೇ ಎಂದು ನೋಡಲು ನೂಲು ಹಿಡಿದೆವು. ಎಡ ಮುಂಭಾಗದಿಂದ ಬಲ ಹಿಂಭಾಗಕ್ಕೆ, ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ. ಎರಡೂ ನೂಲು ಒಂದೇ ಉದ್ದ ಬರಬೇಕು. ಮೊದಲ ಸಲ ಅರ್ಧ ಬೆರಳು ವ್ಯತ್ಯಾಸ ಬಂತು. ಬಿಚ್ಚಿ ಮತ್ತೆ ಕೂರಿಸಿದೆವು.

ಕೊನೆಯ ನಟ್ಟುಗಳ ವಿಷಯದಲ್ಲಿ ನನ್ನದೇ ಹಳೆಯ ತಪ್ಪೊಂದಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಗಾಡಿ ಇನ್ನೂ ಜಾಕಿಯ ಮೇಲೆ ನೇತಾಡುತ್ತಿರುವಾಗಲೇ ಪಟ್ಟಿಯ ನಟ್ಟುಗಳನ್ನು ಪೂರಾ ಬಿಗಿದುಬಿಟ್ಟಿದ್ದೆ. ಇಳಿಸಿದ ಕೂಡಲೇ ಪಟ್ಟಿಯ ತುದಿಯ ತೂತಿನಲ್ಲಿ ಕೂರುವ ರಬ್ಬರ್ ಬುಷ್‌ಗಳು ತಿರುಚಿಕೊಂಡವು. ಹದಿನೈದು ದಿನದಲ್ಲಿ ಹರಿದವು. ಆಗಿನ ಫೋರ್‌ಮನ್ ಬೈಯಲಿಲ್ಲ. ಹರಿದ ಬುಷ್ಷುಗಳನ್ನು ನನ್ನ ಊಟದ ಡಬ್ಬಿಯ ಪಕ್ಕ ಇಟ್ಟು, "ಗಾಡಿ ನೆಲದ ಮೇಲೆ ನಿಂತ ಮೇಲೆ ಬಿಗಿ. ಅಲ್ಲೀಗಂಟ ಕೈಬಿಗಿ ಸಾಕು," ಎಂದರು. ವರ್ಗೀಸ್ ಅಂಗಡಿಯಲ್ಲೂ ಹಾಗೇ ಮಾಡಿದೆವು. ಗಾಡಿಯನ್ನು ಇಳಿಸಿ, ಹಿಂದೆ ಭಾರ ಹೇರಿ, ಆಮೇಲೆ ಬಿಗಿದೆವು. ಹೇರಲು ಕಲ್ಲು ಬಳಸಿದೆವು.

ಔಷಧಿ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿ, ಉಪ್ಪಿಗೆ ತಗಡಿನ ತಟ್ಟೆ ಮಾಡಿಸಿದೆ. ತಳದ ರಂಧ್ರ ಮುಚ್ಚಿಸಿದೆ. ಅಡಿಗೆ ಬಣ್ಣ ಹೊಡೆಸಲಿಲ್ಲ. ತೆಳ್ಳಗೆ ಹಳೆಯ ಎಂಜಿನ್ ಎಣ್ಣೆ ಸವರಿಸಿದೆ. ಎಣ್ಣೆಯ ಕೆಳಗೆ ಬಿರುಕು ಕಾಣುತ್ತದೆ.

ಮುಂದಿನ ವರ್ಷದಿಂದ ನಾನು ತಪಾಸಣೆಯನ್ನು ಆಯುಧಪೂಜೆಯ ಹಿಂದಿನ ವಾರಕ್ಕೆ ತಂದೆ. ಕೊಳೆಯಿದ್ದ ಹಾಗೇ ಗಾಡಿ ನಿಲ್ಲಿಸಬೇಕು, ನಾನು ಸುತ್ತಿಗೆ ತಟ್ಟಿದ ಮೇಲೆ ತೊಳೆಯಬೇಕು. ಚಾಲಕನೂ ನನ್ನ ಜೊತೆ ಅಡಿಗೆ ಬಂದು, ಸದ್ದು ಕೇಳಿ, ಅದೇ ಹಾಳೆಗೆ ಸಹಿ ಹಾಕಬೇಕು. ಚಾಲಕರು ಗೊಣಗಿದರು. "ಸಾಹೇಬ್ರು ನಮ್ಗೂ ಮಣ್ ತಿನ್ನಿಸ್ತಾವ್ರೆ ಕಣ್ಲಾ," ಎಂದು ಒಬ್ಬ ಹೇಳಿದ್ದು ಗಾಡಿಯ ಅಡಿಯಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಎರಡು ವರ್ಷದೊಳಗೆ ಆ ಸುತ್ತಿಗೆಯ ಸದ್ದಿನಿಂದ ಇನ್ನೊಂದು ಜೀಪಿನಲ್ಲಿ ಬಿರುಕು ಸಿಕ್ಕಿತು. ಅದನ್ನು ಮೊದಲು ಕೇಳಿ ಹೇಳಿದವನು ಗೊಣಗಿದವನೇ.

ಸಮಿತಿ ಸೇರಿದ್ದು 2006ರ ಜನವರಿ ಎರಡನೇ ವಾರ. ನನ್ನನ್ನು ಒಳಗೆ ಕರೆದರು. ತುಂಡು ಕೈಯಿಂದ ಕೈಗೆ ಹೋಯಿತು. ಒಬ್ಬ ಸದಸ್ಯರು ಉಗುರಿನಿಂದ ಬಣ್ಣವನ್ನು ಕೆರೆದು ನೋಡಿದರು. ರಾಚಪ್ಪನನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಬೇಕೆಂದು ತೀರ್ಮಾನವಾಯಿತು. ನನಗೆ ಎಚ್ಚರಿಕೆ ಪತ್ರ ಬಂತು. ಕಾಯಂ ಪಟ್ಟಿಯ ಪ್ರಶ್ನೆ ಬಂದಾಗ, ವಿಚಾರಣೆಯಲ್ಲಿದ್ದವನ ಹೆಸರನ್ನು ಅದೇ ಸಭೆಯಲ್ಲಿ ಸೇರಿಸಲು ನಿಯಮವಿಲ್ಲ ಎಂದರು. ಉಳಿದ ಇಬ್ಬರು ಅಂದು ಕಾಯಂ ಆದರು.

ಹೊರಗೆ ಬಂದು ರಾಚಪ್ಪನಿಗೆ ನಾನೇ ಹೇಳಿದೆ. ಅವನು ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದ.

"ಅಂಗಾರೆ ನಾನು ಬೀಳಿಸ್ಲಿಲ್ಲ ಅಂತ ಬರ್ದವ್ರಾ?"

"ಬರೆದಿದ್ದಾರೆ."

"ಅಷ್ಟಾದ್ರೂ ಆಯ್ತಲ್ಲ." ಎದ್ದು ಪಂಚೆ ಕೊಡವಿದ. "ನಾಳೆ ಯಾವ್ ಊರಿಗೆ ಸಾ?"

ಮರುದಿನ ಅವನು ಅದೇ ಜೀಪನ್ನು ಅದೇ ಮೋರಿ ದಾಟಿಸಿಕೊಂಡು ಹೋದ. ಪಕ್ಕದಲ್ಲಿ ನಾನು ಕುಳಿತಿದ್ದೆ. ಅವನು ಎಮ್ಮೆಯ ವಿಷಯ ಎತ್ತಲಿಲ್ಲ.

ಅವನ ಹೆಸರು ಮತ್ತೆ ಪಟ್ಟಿಗೆ ಬಂದು ಅವನು ಕಾಯಂ ಆದದ್ದು 2007ರ ಏಪ್ರಿಲ್‌ನಲ್ಲಿ. ನಾನು 2013ರಲ್ಲಿ ನಿವೃತ್ತನಾದೆ. 2016ರಲ್ಲಿ ಮುಖ್ಯ ಚಾಲಕನ ಹುದ್ದೆ ಖಾಲಿಯಾದಾಗ ಅದನ್ನು ಸೇವಾ ಹಿರಿತನದ ಮೇಲೆ ತುಂಬಿದರು. 2006ರ ಜನವರಿಯಲ್ಲಿ ಕಾಯಂ ಆಗಿದ್ದ ಇಬ್ಬರಲ್ಲಿ ಒಬ್ಬನಿಗೆ ಅದು ಸಿಕ್ಕಿತು. ಹದಿನೈದು ತಿಂಗಳು ಹಿಂದಿದ್ದ ರಾಚಪ್ಪ ಕಳೆದ ವರ್ಷ ಚಾಲಕನಾಗಿಯೇ ನಿವೃತ್ತನಾದ.